ಎಣ್ಣೆ ವ್ಯಾಪಾರಿಯ ಕೂಗು

“ಬುದ್ಧಿ, ಕಲಿಸಲು ಬಾರದ ಗುರುವನ್ನು ತೆಗೆಯಿರಿ ಎಂದು ಕೇಳಿದರೆ ಪಾಪ ಬರುತ್ತದೆಯೇ?” ಎಂದು ಚನ್ನವೀರ ಕೇಳಿದ.

ಇದು ತಮ್ಮನ್ನು ಕುರಿತ ಮಾತಲ್ಲ ತಾನೇ ಎಂದು ಮಠದ ಗುರುಗಳು ನಕ್ಕರು. ಅಲ್ಲ ಎಂದ ಚನ್ನವೀರ. ಮಠದಲ್ಲಿ ಉಂಡು ಮಲಗಿ ಕಾಲೇಜಿಗೆ ಹೋಗುವ ಹುಡುಗ ಅವನು. ಚೆಂಡು ಒದ್ದವನಲ್ಲ. ಆದರೆ ಕಾಲೇಜಿನ ಫುಟ್‌ಬಾಲ್ ತಂಡ ಎಲ್ಲಿ ಆಡಿದರೂ ಗೆರೆಯ ಪಕ್ಕ ನಿಂತು ಕೂಗುವವನು. ಈ ವರ್ಷ ತಂಡ ಹೋದಲ್ಲೆಲ್ಲ ಸೋತಿತ್ತು. ಮುಂದೆ ಆಡುವವನನ್ನು ಕೋಚ್ ಹಿಂದೆ ನಿಲ್ಲಿಸಿದರು, ಹಿಂದಿನವನನ್ನು ಮುಂದೆ ತಂದರು, ಅವರಿಗೆ ಆಟವೇ ತಿಳಿಯದು ಎಂಬುದು ಅವನ ದೂರು. ಬೆಳಗಾದರೆ ಗೆಳೆಯರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಬಳಿ ಹೋಗಿ, ಕೋಚನ್ನು ತೆಗೆಯಿರಿ ಎನ್ನುವವನಿದ್ದ. ಇದನ್ನು ಹೇಳುವಾಗ ಅವನ ಕಣ್ಣು ತುಂಬಿತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಗರಡಿ ಮನೆ. ಅಲ್ಲೊಬ್ಬ ಉಸ್ತಾದ್, ಅವನ ಕೈಯಲ್ಲಿ ಕಲಿಯುವ ಪೈಲ್ವಾನರು. ಗರಡಿಯ ಮಣ್ಣನ್ನು ಎಣ್ಣೆ ಬೆರೆಸಿ ಹದ ಮಾಡುತ್ತಾರಲ್ಲ, ಆ ಎಣ್ಣೆಯನ್ನು ಒಬ್ಬ ವ್ಯಾಪಾರಿ ಕೊಡುತ್ತಿದ್ದ. ಅವನು ಜನ್ಮದಲ್ಲಿ ಲಂಗೋಟಿ ಬಿಗಿದವನಲ್ಲ. ಆದರೆ ಕುಸ್ತಿ ಎಂದರೆ ಪ್ರಾಣ. ಕಣದ ಅಂಚಿನಲ್ಲಿ ನಿಂತು ಹಿಡಿ, ಬಿಡು, ಕಾಲಿಗೆ ಹಾಕು ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗುತ್ತಿದ್ದ. ದಡದಲ್ಲಿ ನಿಂತವನಿಗೆ ಈಜು ಬಹಳ ಚೆನ್ನಾಗಿ ಬರುತ್ತದೆ.

ಆ ಗರಡಿಯಲ್ಲೊಂದು ರೂಢಿ ಇತ್ತು. ಪೈಲ್ವಾನ ಕಣಕ್ಕಿಳಿಯುವ ಮೊದಲು ಉಸ್ತಾದನಿಗೆ ಕೈಮುಗಿಯಬೇಕು, ಆಮೇಲೆ ಮಣ್ಣಿಗೆ ಎಣ್ಣೆ ಕೊಟ್ಟವನಿಗೂ ಮುಗಿಯಬೇಕು. ಕೈಮುಗಿದವರ ಮಾತನ್ನು ಮೀರುವ ಹಾಗಿರಲಿಲ್ಲ.

ಒಂದು ವರ್ಷ ಪೈಲ್ವಾನರು ಯಾವ ಊರಿಗೆ ಹೋದರೂ ಸೋತು ಬಂದರು. ವ್ಯಾಪಾರಿಗೆ ಅನ್ನ ಸೇರಲಿಲ್ಲ. ಉಸ್ತಾದನಿಗೆ ವಯಸ್ಸಾಯಿತು, ಬೇರೆಯವನನ್ನು ತರಬೇಕು ಎಂದು ಊರ ಹಿರಿಯರ ಕಿವಿಗೆ ಹಾಕಿದ. ಹಿರಿಯರೂ ತಲೆಯಾಡಿಸಿದರು. ಉಳಿದ ಒಂದು ಕುಸ್ತಿ ಮುಗಿಯಲಿ, ಆಮೇಲೆ ಅವನನ್ನು ಕಳುಹಿಸಿಬಿಡೋಣ ಎಂದರು.

ಆ ಕುಸ್ತಿಯ ದಿನ ವ್ಯಾಪಾರಿಗೆ ಹಲ್ಲುನೋವು. ಕೆನ್ನೆ ಊದಿ ಬಾಯಿ ತೆರೆಯಲಾಗಲಿಲ್ಲ. ಮನೆಯಲ್ಲಿ ಕೂರಲೂ ಆಗಲಿಲ್ಲ. ಕೆನ್ನೆಗೆ ವಸ್ತ್ರ ಸುತ್ತಿಕೊಂಡು ಹೋಗಿ ತನ್ನ ಜಾಗದಲ್ಲಿ ನಿಂತ. ಪೈಲ್ವಾನ ಇಬ್ಬರಿಗೂ ಕೈಮುಗಿದು ಕಣಕ್ಕಿಳಿದ. ಪಟ್ಟು ಬಿಗಿಯಾದಾಗ ವ್ಯಾಪಾರಿಯ ಕಡೆ ನೋಡಿದ. ಅಲ್ಲಿಂದ ಮಾತು ಬರಲಿಲ್ಲ. ಉಸ್ತಾದನ ಕಡೆ ನೋಡಿದ. ಉಸ್ತಾದ್ ಕಣ್ಣಿನಲ್ಲೇ ಏನೋ ಹೇಳಿದ. ಪೈಲ್ವಾನ ಎದುರಾಳಿಯನ್ನು ಚಿತ್ ಮಾಡಿದ.

ಜನ ಗೆದ್ದವನನ್ನು ಹೆಗಲಿಗೇರಿಸಲು ಬಂದರು. ಅವನು ತಪ್ಪಿಸಿಕೊಂಡು ವ್ಯಾಪಾರಿಯ ಬಳಿ ಬಂದ. ತನ್ನ ಮೇಲೆ ಬೇಸರವೇ, ಇವತ್ತು ಏನು ಮಾಡಬೇಕೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದ. ಆಗ ವ್ಯಾಪಾರಿಗೆ ಅರ್ಥವಾಯಿತು. ವರ್ಷವಿಡೀ ಎತ್ತು ಏರಿಗೆಳೆದಿತ್ತು, ಕೋಣ ನೀರಿಗೆಳೆದಿತ್ತು. ಕೋಣ ತಾನೇ ಆಗಿದ್ದ.

ಅವನು ಉಸ್ತಾದನ ಮುಂದೆ ಹೋಗಿ ನಿಂತ. ಊದಿದ ಬಾಯಲ್ಲೇ ಕಷ್ಟಪಟ್ಟು ಕೇಳಿದ: “ನಾನು ಕೂಗೋದ್ರಿಂದ ಹುಡುಗರು ಸೋಲ್ತಿದ್ದಾರೆ ಅಂತ ನಿಮಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳಬಾರದಿತ್ತಾ?”

“ಸೋತಾಗ ಊರವರೆಲ್ಲ ಮನೆಗೆ ಹೋಗಿಬಿಡೋರು ಸಾಹುಕಾರ್ರೇ, ನೀವೊಬ್ಬರು ನಿಂತಿರ್ತಿದ್ರಿ,” ಎಂದ ಉಸ್ತಾದ್. “ಸುಮ್ಮನಿರಿ ಅಂತ ಅಂಥವರಿಗೆ ಹೆಂಗೆ ಹೇಳ್ಲಿ?”

ಹಿರಿಯರು ಏನು ತೀರ್ಮಾನಿಸಿದ್ದಾರೆ ಎಂಬುದೂ ಉಸ್ತಾದನಿಗೆ ಗೊತ್ತಿತ್ತು. ಆ ಮಾತನ್ನು ಅವನು ಎತ್ತಲೇ ಇಲ್ಲ.

ವ್ಯಾಪಾರಿ ಅತ್ತುಬಿಟ್ಟ. ತನಗೆ ನೋವಾಗಬಾರದೆಂದು ಒಬ್ಬ ಮನುಷ್ಯ ಇಷ್ಟು ಸೋಲು ನುಂಗಿದ್ದಾನೆ ಎಂದು ಅವನ ಎದೆ ತುಂಬಿ ಬಂತು. ಅಲ್ಲಿಂದ ನೇರ ಹಿರಿಯರ ಬಳಿ ಹೋಗಿ ತಪ್ಪು ತನ್ನದೆಂದ. ಉಸ್ತಾದ್ ಗರಡಿಯಲ್ಲೇ ಉಳಿದ. ಮುಂದೆ ವ್ಯಾಪಾರಿ ಕುಸ್ತಿಗೆ ಹೋಗುವಾಗ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಹೋಗುತ್ತಿದ್ದ. ಪೈಲ್ವಾನರು ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಏನೇ ಆದರೂ ಅವನು ಕೊನೆಯವರೆಗೆ ನಿಂತಿದ್ದು, ಉಸ್ತಾದನಿಗೆ ಕೈಮುಗಿದೇ ಮನೆಗೆ ಬರುತ್ತಿದ್ದ.

ಕತೆ ಮುಗಿಯಿತು. ತಮ್ಮ ತಂಡದ ವಿಷಯವೇ ಬೇರೆ, ಅಲ್ಲಿ ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದ ಚನ್ನವೀರ. ಇರಬಹುದು ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಕೇಳಿದರು:

“ನಿಮ್ಮ ಕೋಚು ನಿನಗೆ ಒಂದು ಸಲವಾದರೂ ಬಾಯಿ ಮುಚ್ಚು ಅಂದಿದ್ದಾರೇನಪ್ಪ?”