ರಕ್ಕಸಿಯ ಕಂಬಳಿಯೊಳಗಿನ ಜೀವ

“ಕೇಳಿರಪ್ಪಾ ಕೇಳಿರಿ! ನಮ್ಮ ಕೆರೆ ಏರಿಯ ಮೇಲೆ ರಕ್ಕಸಿಯೊಬ್ಬಳು ಬಂದು ಕೂತಿದ್ದಾಳೆ. ಮೂರು ಒಗಟು ಬಿಡಿಸುವ ತನಕ ಯಾರಿಗೂ ಹನಿ ನೀರು ಬಿಡುವುದಿಲ್ಲವಂತೆ. ಬಿಡಿಸಿದವರಿಗೆ ರಾಜಕುಮಾರಿ ಪದ್ಮಗಂಧಿಯ ಕೈ, ಮೇಲೆ ಅರ್ಧ ರಾಜ್ಯ! ತಪ್ಪಿದವರು ಇವತ್ತು ರಕ್ಕಸಿಗೆ ಊಟ!”

ಕೆಂಪುಗಿರಿಯ ಬೀದಿಬೀದಿಯಲ್ಲಿ ಡಂಗುರ ಹೊಡೆದಾಗ ಬುಟ್ಟಿ ಹೆಣೆಯುವ ಹುಲಿಗೆಪ್ಪನಿಗೆ ರಾಜಕುಮಾರಿಯ ಮಾತು ಕಿವಿಗೆ ಬೀಳಲೇ ಇಲ್ಲ. ಬಿದಿರು ಸೀಳು ನೆನೆಹಾಕಲು ನೀರಿಲ್ಲ, ಹಿತ್ತಲಿನ ಕೋಳಿಗಳಿಗೆ ಕುಡಿಯಲು ನೀರಿಲ್ಲ. ಕಡುಬೇಸಿಗೆ ಬೇರೆ. ಒಂದು ಕೊಡವಾದರೂ ಸಿಕ್ಕೀತೇನೋ ಎಂದು, ಮಾರಲು ಇಟ್ಟಿದ್ದ ದೊಡ್ಡ ಬುಟ್ಟಿಯನ್ನೇ ಬಿಸಿಲಿಗೆ ತಲೆ ಮೇಲೆ ಕವುಚಿಕೊಂಡು ಕೆರೆಯ ಕಡೆ ನಡೆದ.

ಏರಿಯ ಕೆಳಗೆ ಊರಿಗೆ ಊರೇ ನೆರೆದಿತ್ತು. ಮೇಲೆ ಹುಲ್ಲಿನ ಬಣವೆಯಷ್ಟು ದಪ್ಪನೆಯ ರಕ್ಕಸಿ. ಆ ಉರಿಬಿಸಿಲಲ್ಲೂ ಕರಿಕಂಬಳಿ ಹೊದ್ದು, ಎರಡೂ ಕೈಯನ್ನು ಎದೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು.

ಮೊದಲು ನೆರೆರಾಜ್ಯದ ರಾಜಕುಮಾರ ಚಂಡವರ್ಮ ಮೀಸೆ ತಿರುವುತ್ತ ಹೋಗಿ ನಿಂತ.

“ಒಳಗೆ ಬೆಂಕಿ ಬಿದ್ದ ಮನೆ,” ಎಂದಳು ರಕ್ಕಸಿ. “ಅದರ ಮೈಗೆ ಬೆವರುವ ಭಾಗ್ಯವಿಲ್ಲ. ಎರಡು ಹಲಗೆಯ ಬಾಗಿಲೊಂದು ಮುಚ್ಚದೆ ಬಾಯಿ ಬಿಟ್ಟು ನಿಂತಿದೆ. ಯಾವ ಮನೆ?”

“ಕುಂಬಾರನ ಆವಿಗೆ!”

“ಆವಿಗೆಗೆ ಹಲಗೆ ಬಾಗಿಲು ಇಡುವ ಕುಂಬಾರ ಯಾವನೋ?” ಎನ್ನುತ್ತ ಅವನ ಜುಟ್ಟು ಹಿಡಿದೆತ್ತಿ ಪಕ್ಕದ ಗೋಣಿಚೀಲಕ್ಕೆ ತುಂಬಿದಳು.

ಆಮೇಲೆ ಬಂದವನು ಅರಮನೆಯ ಪೈಲ್ವಾನ ದುರುಗಯ್ಯ. ಬಹಳ ಹೊತ್ತು ತೊಡೆ ತಟ್ಟಿ ಯೋಚಿಸಿ, “ಜ್ವರ ಬಂದಾಗಿನ ನಮ್ಮಜ್ಜಿ!” ಎಂದ.

“ಜ್ವರ ಬಿಟ್ಟ ಮೇಲೆ ನಿಮ್ಮಜ್ಜಿ ಬೆವರುವುದಿಲ್ಲವೇನೋ?” ಅವನೂ ಚೀಲ ಸೇರಿದ. ಒಳಗಿನಿಂದ “ಕಾಲು ತೆಗಿಯೋ!” “ನೀನು ತೆಗಿ!” ಎಂಬ ಜಗಳ ಕೇಳಿ ನಗು ಬಂದರೂ ಯಾರಿಗೂ ನಗುವ ಧೈರ್ಯವಾಗಲಿಲ್ಲ.

ಹುಲಿಗೆಪ್ಪ ಮಾತ್ರ ರಕ್ಕಸಿಯ ಕಣ್ಣನ್ನೇ ನೋಡುತ್ತಿದ್ದ. ಗದರುವ ಆ ಕಣ್ಣಲ್ಲಿ ನೀರು ತುಂಬಿತ್ತು. ಕಂಬಳಿಯ ಒಳಗಿನಿಂದ ಏದುಸಿರಿನ ಸದ್ದು ಬರುತ್ತಿತ್ತು. ಅಂಚಿನಲ್ಲಿ ಕೆಂಚು ರೆಕ್ಕೆಯ ತುದಿಯೊಂದು ಜೋತುಬಿದ್ದಿತ್ತು. ಅವನ ಕಾಲು ತಾನಾಗಿಯೇ ಏರಿ ಹತ್ತಿತು.

“ಅವ್ವಾ, ಅದು ಬಿಸಿಲು ಬಡಿದ ಕೋಳಿ,” ಎಂದ. “ಕೋಳಿ ಬೆವರುವುದಿಲ್ಲ. ಒಳಗಿನ ಧಗೆಯನ್ನು ಕೊಕ್ಕು ತೆರೆದು ಏದುಸಿರಿನಲ್ಲೇ ಹೊರಗೆ ಹಾಕಬೇಕು.”

ರಕ್ಕಸಿ ಬೆಚ್ಚಿದಳು. ಎರಡನೆಯ ಒಗಟು ಹಾಕುವಾಗ ಅವಳ ದನಿ ತಗ್ಗಿತ್ತು. “ಮೆಲ್ಲಗೆ ಬಂದರೆ ತಾಯಿ, ದಢಕ್ಕನೆ ಬಂದರೆ ಮಾರಿ. ಪಾದ ಹಿಡಿದರೆ ಬದುಕಿಸುತ್ತಾಳೆ, ನೆತ್ತಿಗೆ ಸುರಿದರೆ ನಡುಗಿಸುತ್ತಾಳೆ. ಯಾರವಳು?”

“ನೀರು. ಕೊರೆಯುವ ನೀರನ್ನು ಒಮ್ಮೆಲೇ ಮೈಮೇಲೆ ಸುರಿದೆಯೇನವ್ವಾ?”

“ಸುರಿದೆ ಕಣೋ. ನಡುಗಿ ಇನ್ನೂ ಕುಸಿದುಬಿಟ್ಟಳು.” ಮೂಗು ಒರೆಸಿಕೊಂಡು ಅವಳು ಮೂರನೆಯದನ್ನು ಹೇಳಿದಳು. “ಬೆಳಗಿನಿಂದ ಒಬ್ಬಳಿಗೆ ಬಿಡದೆ ಕೊಡುತ್ತಿದ್ದೇನೆ. ಕೊಟ್ಟಷ್ಟೂ ಬಾಡುತ್ತಾಳೆ, ಬಾಡಿದಷ್ಟೂ ಇನ್ನೂ ಕೊಡುತ್ತೇನೆ. ಏನದು?”

“ವಿಷ ಅನ್ನು!” ಎಂದು ಕೆಳಗಿನಿಂದ ಯಾರೋ ಕೂಗಿದರು. ಹುಲಿಗೆಪ್ಪನಿಗೆ ಉತ್ತರ ಹೊಳೆದಿತ್ತು. ಹೇಳಿದರೆ ಇವಳ ಕರುಳು ಕಿವಿಚಿದಂತಾಗುತ್ತದೆ, ಹೇಳದಿದ್ದರೆ ಕೋಳಿ ಉಳಿಯುವುದಿಲ್ಲ.

“ಅಪ್ಪುಗೆ, ಅವ್ವಾ,” ಎಂದ ಮೆಲ್ಲಗೆ. “ನಿನ್ನ ಮೈಯ ಕಾವು, ಮೇಲೆ ಕಂಬಳಿ. ಪ್ರೀತಿಯಿಂದಲೇ ಮಾಡಿದ್ದೀಯ. ಈಗ ಕೋಳಿಯನ್ನು ಕೆಳಗಿಡು.”

ರಕ್ಕಸಿ ನಿಧಾನವಾಗಿ ಕಂಬಳಿ ಸರಿಸಿದಳು. ಒಳಗೆ ಕೆಂಚುಕೋಳಿಯೊಂದು ರೆಕ್ಕೆ ಹರಡಿ, ಕತ್ತು ವಾಲಿಸಿ ಬಿದ್ದಿತ್ತು.

“ಇವಳು ಏಳದಿದ್ದರೆ ಚೀಲಕ್ಕೆ ಮೂರನೆಯವನು ನೀನೇ,” ಎಂದಳು.

ಹುಲಿಗೆಪ್ಪ ಕೋಳಿಯನ್ನು ಹುಣಸೆಮರದ ನೆರಳಿಗೆ ಒಯ್ದ. ಬುಟ್ಟಿಯನ್ನು ಗಾಳಿಯಾಡುವಂತೆ ಕಲ್ಲುಗಳ ಮೇಲೆ ಕವುಚಿ, “ಯಾರಾದರೂ ನೀರು ತನ್ನಿ!” ಎಂದು ಕೂಗಿದ. ರಕ್ಕಸಿಯ ಹತ್ತಿರ ಬರಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಂಬಿಗೆ ಹಿಡಿದು ಬಂದವಳು ಪದ್ಮಗಂಧಿಯೇ.

“ಮುಂದೇನು ಮಾಡಲಿ?”

“ನನ್ನ ಹೆಗಲ ವಸ್ತ್ರ ತಗೊಂಡು ಒದ್ದೆ ಮಾಡಿ ಬುಟ್ಟಿ ಮೇಲೆ ಹಾಸಿ ತಾಯಿ. ಜನರನ್ನು ದೂರ ಕಳಿಸಿ, ಗದ್ದಲಕ್ಕೆ ಇದು ಇನ್ನೂ ಹೆದರುತ್ತದೆ.”

ಅವನು ಕೋಳಿಯ ಪಾದಗಳನ್ನು ಹದವಾದ ತಣ್ಣೀರಿನಲ್ಲಿ ಇಳಿಬಿಟ್ಟ. ಒದ್ದೆ ಬೆರಳಿನಿಂದ ಜುಟ್ಟನ್ನೂ ರೆಕ್ಕೆಯಡಿಯನ್ನೂ ಸವರಿ, ಬುಟ್ಟಿಯಡಿ ಮಲಗಿಸಿದ. ರಕ್ಕಸಿ ಮಡಿಲಿನಿಂದ ಒಂದು ಹಿಡಿ ಜೋಳ ತೆಗೆದಾಗ ತಡೆದ. “ಈಗ ಕಾಳು ಬೇಡವ್ವಾ, ನೀರು ಸಾಕು. ಅದನ್ನೂ ಗಂಟಲಿಗೆ ಹೊಯ್ಯಬಾರದು. ಕತ್ತು ಎತ್ತುವಷ್ಟು ತ್ರಾಣ ಬಂದರೆ ತಾನೇ ಕುಡಿಯುತ್ತದೆ.” ಆಮೇಲೆ ಮೂವರೂ ಕಾದರು.

ಹೊತ್ತು ವಾಲುವಾಗ ಏದುಸಿರು ತಗ್ಗಿತು. ಹುಲಿಗೆಪ್ಪ ಬುಟ್ಟಿ ಎತ್ತಿ ತಂಬಿಗೆ ಮುಂದಿಟ್ಟ. ಕೋಳಿ ಒಂದು ಕಣ್ಣು ತೆರೆಯಿತು. ಕತ್ತು ಎತ್ತಿತು. ತಂಬಿಗೆಗೆ ಕೊಕ್ಕಿಟ್ಟು ಒಂದು ಗುಟುಕು, ಇನ್ನೊಂದು ಗುಟುಕು. ಆಮೇಲೆ ಎದ್ದು ನಿಂತು, ಮೈ ಕೊಡವಿ, ಹುಲಿಗೆಪ್ಪನ ಹೆಬ್ಬೆರಳನ್ನೇ ಕುಕ್ಕಿತು.

“ಎದ್ದಳು! ನನ್ನ ಕೆಂಚಿ ಎದ್ದಳು!” ರಕ್ಕಸಿ ಅತ್ತ ರಭಸಕ್ಕೆ ಮರದಿಂದ ಹುಣಸೆಹಣ್ಣು ಉದುರಿದವು.

“ನೇರವಾಗಿ ಕೇಳಿದ್ದರೆ ಬೆಳಿಗ್ಗೆಯೇ ಬರುತ್ತಿದ್ದೆನಲ್ಲವ್ವಾ,” ಎಂದ ಹುಲಿಗೆಪ್ಪ.

“ರಕ್ಕಸಿ ಮನುಷ್ಯರ ಮುಂದೆ ಕೈಚಾಚಬಾರದು ಅಂತ ನಮ್ಮ ಕುಲದ ಕಟ್ಟಳೆ ಕಣಪ್ಪ. ನೀರು ತಡೆದರೆ ಊರೆಲ್ಲ ಬರುತ್ತದೆ, ಕೋಳಿ ಸಾಕಿದವರು ಒಬ್ಬರಾದರೂ ಸಿಗುತ್ತಾರೆ ಅಂದುಕೊಂಡೆ. ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ.” ಅವಳು ಚೀಲ ಕೊಡವಿದಾಗ ಚಂಡವರ್ಮನೂ ದುರುಗಯ್ಯನೂ ಉರುಳಿ ಬಿದ್ದು, ಹಿಂದೆ ನೋಡದೆ ಓಡಿದರು. ಜನ ಕೊಡ ಹಿಡಿದು ಕೆರೆಗೆ ಇಳಿದರು.

ರಾಜ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹುಲಿಗೆಪ್ಪ ತಲೆ ತಗ್ಗಿಸಿ, “ಅವರನ್ನು ಒಂದು ಮಾತು ಕೇಳಿ ದೊರೆ,” ಎಂದ. ಪದ್ಮಗಂಧಿ ನಕ್ಕು, “ತಂಬಿಗೆ ಹಿಡಿದು ಹೋದಾಗಲೇ ನಾನು ಒಪ್ಪಿಯಾಗಿತ್ತು,” ಎಂದಳು.

ಮದುವೆ ಜೋರಾಗಿ ನಡೆಯಿತು. ಮಾರನೆಯ ದಿನದ ಬೀಗರ ಬಾಡೂಟಕ್ಕೆ ರಕ್ಕಸಿ ಮೊದಲ ಪಂಕ್ತಿಯಲ್ಲೇ ಬಂದು ಕೂತಳು, ಮಡಿಲಲ್ಲಿ ಕೆಂಚಿ. ಅಡುಗೆಯವನು ಇಣುಕಿ ನೋಡಿ, ಸದ್ದಿಲ್ಲದೆ ಒಳಗೆ ಹೋಗಿ, ಹುರುಳಿ ಸಾರು ಮಾಡಿದ. ಅಂಥ ರುಚಿ ಜನ್ಮದಲ್ಲಿ ಉಂಡಿಲ್ಲವೆಂದು ಬೀಗರೆಲ್ಲ ಒಂದೇ ದನಿಯಲ್ಲಿ ಹೊಗಳಿದರು.