ಹೆಬ್ಬೆರಳಿನ ನಮಸ್ಕಾರ

ಹೊಳೆದಂಡೆಯ ಒಂದು ಮಠದಲ್ಲಿ ಕಲ್ಲಿನ ಹೊಂಡವಿತ್ತು. ಹೊಂಡದ ತುಂಬ ಆಮೆಗಳು.

ಮೀನಿನ ಬಲೆಗೆ ಸಿಕ್ಕು ಕಾಲು ಕಳೆದುಕೊಂಡವು, ಬಂಡಿಯ ಗಾಲಿಗೆ ಸಿಕ್ಕು ಚಿಪ್ಪು ಒಡೆದವು, ಯಾರೋ ಗೋಣಿಚೀಲದಲ್ಲಿ ತಂದು ಬಾಗಿಲಲ್ಲಿ ಬಿಟ್ಟುಹೋದಂಥವು. ಅವುಗಳನ್ನು ನೋಡಿಕೊಳ್ಳುವುದು ಆ ಮಠಕ್ಕೆ ಹಿಂದಿನಿಂದ ನಡೆದುಬಂದ ಕೆಲಸ.

ಮಠದ ಗುರು ಹಾಲಯ್ಯಜ್ಜ. ದಿನಾ ಬೆಳಿಗ್ಗೆ ಅಜ್ಜ ಮೆಟ್ಟಿಲಿಳಿದು ಒಂದೊಂದೇ ಆಮೆಯ ಬೆನ್ನಿನ ಮೇಲೆ ಹೆಬ್ಬೆರಳು ಇಡುತ್ತಿದ್ದರು. ಆಮೇಲೆ ಆ ಬೆರಳನ್ನು ಕಣ್ಣಿನ ಹತ್ತಿರ ತರುತ್ತಿದ್ದರು.

ನೋಡಿದ ಭಕ್ತರು ತಾವೂ ಹಾಗೇ ಮಾಡತೊಡಗಿದರು. ಆಮೆಯ ಬೆನ್ನು ಮುಟ್ಟುವುದು, ಬೆರಳು ಕಣ್ಣಿಗೆ ಒತ್ತಿಕೊಳ್ಳುವುದು. ಹೊಳೆಯ ಮೇಲುಗಡೆ ಕೆಳಗಡೆ ಎಲ್ಲಾದರೂ ಆಮೆ ಕಂಡರೆ ಜನ ಈಗ ಹೀಗೇ ನಮಸ್ಕಾರ ಮಾಡುತ್ತಾರೆ. ಏಕೆಂದು ಅಜ್ಜನನ್ನು ಯಾರೂ ಕೇಳಲಿಲ್ಲ. ನಮ್ಮ ಜನಕ್ಕೆ ಕೈ ಮುಗಿಯಲು ಕಾರಣ ಬೇಕಾಗುವುದಿಲ್ಲ.

ಅಜ್ಜನ ಶಿಷ್ಯ ಅಡಿವೆಪ್ಪ. ಆ ವರ್ಷ ಅವನ ಕೈಯಲ್ಲಿ ಆಮೆಯ ತತ್ತಿಗಳು ಮರಿಯಾದವು. ಮಠದ ಹೊಂಡದಲ್ಲಿ ಹಿಂದೆಂದೂ ಆಗದ ಸಂಗತಿ ಅದು.

ಮರಿಗಳನ್ನು ನೋಡಲು ಸುತ್ತಲಿನ ಊರುಗಳಿಂದ ಜನ ಬಂದರು. ಅಡಿವೆಪ್ಪ ಅವುಗಳನ್ನು ಹಿತ್ತಾಳೆಯ ಹರಿವಾಣದಲ್ಲಿ ನೀರು ಹಾಕಿ ಒಳಗಿನ ಪಡಸಾಲೆಯಲ್ಲಿ ಇಟ್ಟಿದ್ದ. ಬಂದವರು ಮರಿಗಳಿಗೆ ಚುರುಮುರಿ ಎಸೆದರು, ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೋಗುವಾಗ ಅಡಿವೆಪ್ಪನಿಗೂ ಕೈ ಮುಗಿದರು. ಮೊದಮೊದಲು ಅವನು ಬೇಡ ಬೇಡ ಅನ್ನುತ್ತಿದ್ದ. ಆಮೇಲೆ ಅನ್ನುವುದನ್ನು ಬಿಟ್ಟ.

ಒಂದು ದಿನ ಹುಲಿಗುಡ್ಡದ ನೀಲವ್ವ ಬಂದಳು. ಹುಲಿಗುಡ್ಡ ಹೊಳೆಯ ಮೇಲುಗಡೆಯ ಊರು. ಅಲ್ಲಿಯೂ ಒಂದು ಮಠ, ಒಂದು ಆಮೆಯ ಹೊಂಡ. ಹೊಂಡದ ಉಸ್ತುವಾರಿ ನೀಲವ್ವನ ಮನೆಯದು.

"ಅಜ್ಜಾರ, ನಮ್ಮ ಆಮಿ ಮೊದಲಿನಂಗಿಲ್ಲ," ಎಂದಳು. "ಸರಿಯಾಗಿ ತಿನ್ನವಲ್ವು. ಅನುಭವ ಇದ್ದ ಒಬ್ಬ ಮನಷ್ಯಾನ್ನ ಕೊಡ್ರಿ. ಅಲ್ಲೇ ಇರಲಿ, ಹೊಂಡ ಅವನ ಕೈಗೇ ಕೊಡ್ತೇವಿ."

ಅಜ್ಜ ಬಾಯಿ ತೆರೆಯುವ ಮೊದಲೇ ಅಡಿವೆಪ್ಪ ಮುಂದೆ ಬಂದ. "ನಾ ಬರ್ತೇನ್ರಿ ಯವ್ವಾ. ಈ ಮರಿ ಎಲ್ಲಾ ನಾನ ಮಾಡಿಸೇನಿ."

ನೀಲವ್ವ ಮರಿಗಳನ್ನು ನೋಡಿ ಬೆರಗಾದಳು. "ಇದಕ್ಕಿಂತ ಅನುಭವ ಇನ್ನೇನು ಬೇಕ್ರಿ ಅಜ್ಜಾರ? ನಾ ಈಗ ಮಗಳ ಬಾಣಂತನಕ್ಕ ಹೊಂಟೇನಿ. ಹೊಳ್ಳಿ ಬರೋ ಮುಂದ ಇವನ್ನ ಕರಕೊಂಡು ಹೋಗ್ಲೇನ್ರಿ?"

"ಬರೋ ಮುಂದ ಹೇಳ್ತೇನಿ," ಎಂದರು ಅಜ್ಜ.

ಅಡಿವೆಪ್ಪನ ಮುಖ ಸಪ್ಪಗಾಯಿತು. ತನ್ನದೇ ಒಂದು ಹೊಂಡ ಎಂಬ ಆಸೆ ಅವನಲ್ಲಿ ಆಗಲೇ ಬೇರು ಬಿಟ್ಟಿತ್ತು. ಅಜ್ಜ ಹೂಂ ಎಂದರೆ ಅದು ಅವನದು. ಅಷ್ಟೇ ಆಗಬೇಕಾದದ್ದು.

ಮರುದಿನ ಹೊಂಡದ ಮೆಟ್ಟಿಲ ಮೇಲೆ ಅಜ್ಜನನ್ನು ಹಿಡಿದು ಕೇಳಿಯೇಬಿಟ್ಟ.

"ಅಜ್ಜಾರ, ನಾ ಅನುಭವಸ್ಥ ಹೌದೋ ಅಲ್ಲೋ?"

"ತತ್ತಿ ಇಟ್ಟವರು ಯಾರೋ ತಮ್ಮಾ?"

"ಆಮಿ."

"ಕಾವು ಕೊಟ್ಟವರು?"

"ಉಸುಕು. ಬಿಸ್ಲು."

"ಹಂಗಾದ್ರ ನೀ ಏನ್ ಮಾಡ್ದಿ?"

ಈ ಪ್ರಶ್ನೆ ಬರುತ್ತದೆಂದು ಅಡಿವೆಪ್ಪ ಕಾದೇ ಇದ್ದ.

"ತತ್ತಿ ಇದ್ದಲ್ಲಿ ಮಳಿ ನೀರು ನುಗ್ಗತಿತ್ರಿ. ಅದಕ್ಕ ಎತ್ತಿ ಬ್ಯಾರೆ ಕಡೆ ಹುಗಿದೆ. ಎತ್ತೋ ಮೊದಲ ಒಂದೊಂದಕ್ಕೂ ಮ್ಯಾಲಿನ ಮಗ್ಗಲಿಗೆ ಇದ್ದಲಿಲೆ ಗುರ್ತು ಹಾಕಿದೆ. ಗುರ್ತು ಮ್ಯಾಲ ಬರೂ ಹಂಗ ಇಟ್ಟೆ. ಆಮಿ ತತ್ತಿ ಹೊಳ್ಳಿಸಿ ಇಟ್ರ ಒಳಗಿನ ಜೀವ ಸಾಯ್ತೈತ್ರಿ."

ಅಜ್ಜನ ಕಣ್ಣು ಅರಳಿತು. "ಇದನ್ನ ನಿನಗ ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಹ್ವಾದ ವರ್ಷ ನೋಡದಽ ಇಟ್ಟಿದ್ದೆ. ಎಲ್ಲಾ ಕೊಳತುವು."

"ಭೇಷ್! ನನಗಿದು ಗೊತ್ತಿದ್ದಿಲ್ಲ."

"ನಿಮಗ ಗೊತ್ತಿದ್ದಿಲ್ಲಂದ್ರ?"

"ನಾ ಒಂದೂ ಮರಿ ಮಾಡಿಸಿಲ್ಲೋ. ಹೊಟ್ಟ್ಯಾಗ ತತ್ತಿ ಇದ್ದ ಆಮಿನ್ನ ಹೊಳಿ ದಂಡಿಗೆ ಬಿಟ್ಟು ಬರ್ತಿದ್ದೆ. ಮುಂದಿಂದು ಅದಕ್ಕ ಗೊತ್ತು, ಹೊಳಿಗೆ ಗೊತ್ತು."

ಅಡಿವೆಪ್ಪ ಬೆಪ್ಪಾಗಿ ಕುಳಿತ. ಹಾಗಾದರೆ ಈ ವಿಷಯದಲ್ಲಿ ನಾನು ಗುರುವಿಗಿಂತ ದೊಡ್ಡವನು! ಹೀಗೆ ಅನ್ನಿಸಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಆದರೆ ಅನ್ನಿಸುವುದು ಅನ್ನಿಸಿಯಾಗಿತ್ತು.

"ಮತ್ತ ಇಷ್ಟು ವರ್ಷ ನೀವು ಮಾಡಿದ್ದೇನ್ರಿ?"

ಅಜ್ಜ ಎದುರಿನ ಕಲ್ಲು ತೋರಿಸಿದರು. ಅಲ್ಲಿ ಹಿರೇವ್ವ ಕತ್ತು ಚಾಚಿ, ಹಿಂಗಾಲು ಚೆಲ್ಲಿ ಬಿಸಿಲಿಗೆ ಬಿದ್ದುಕೊಂಡಿದ್ದಳು. ಹೊಂಡದಲ್ಲಿ ಎಲ್ಲಕ್ಕಿಂತ ಹಳೆಯ ಆಮೆ ಅವಳು.

"ಆಕಿನ್ನ ನನ್ನ ಗುರುಗಳು ನನ್ನ ಕೈಯಾಗ ಇಟ್ಟರು. ಅವರಿಗೆ ಅವರ ಗುರುಗಳು ಕೊಟ್ಟಿದ್ರಂತ. ಆಕಿ ಸಾಯದಂಗ ನೋಡಿಕೊಂಡೆ."

ಅಷ್ಟೇನಾ ಅನ್ನಿಸಿತು ಅಡಿವೆಪ್ಪನಿಗೆ. ಆಮೆ ಬದುಕುವುದೇ ಹಾಗೆ, ನೂರು ವರ್ಷ. ಅದರಲ್ಲಿ ನೋಡಿಕೊಂಡವರ ಹೆಚ್ಚುಗಾರಿಕೆ ಏನು ಬಂತು? ಬಾಯಿಬಿಟ್ಟು ಹೇಳಲಿಲ್ಲ. ಅಜ್ಜನಿಗೆ ಕೇಳಿಸಿದಂತಿತ್ತು.

"ನಿನ್ನ ಮರಿ ತಗೊಂಡು ಬಾ," ಎಂದರು.

ಅಡಿವೆಪ್ಪ ಪಡಸಾಲೆಯಿಂದ ಹರಿವಾಣ ಹೊತ್ತು ತಂದ.

"ದಿನಾ ಇವನ್ನ ನೋಡ್ತೀಯೇನು?"

"ನೋಡದಽ ಇರ್ತೇನೇನ್ರಿ? ದಿನಾ ಮುಂಜಾನೆ ಒಂದೊಂದಕ್ಕೂ ನಮಸ್ಕಾರ ಮಾಡ್ತೇನಿ. ನೀವು ಮಾಡೂ ಹಂಗ."

"ನಾ ಮಾಡೂ ಹಂಗ?"

"ಹೌದ್ರಿ."

"ಹಿರೇವ್ವಗ ಮಾಡಿ ತೋರಿಸು."

ಅಡಿವೆಪ್ಪ ಭಕ್ತಿಯಿಂದ ಹಿರೇವ್ವನ ಬೆನ್ನಿಗೆ ಹೆಬ್ಬೆರಳು ತಾಗಿಸಿ ಕಣ್ಣಿಗೊತ್ತಿಕೊಂಡ.

"ಏನು ತಿಳೀತು?"

"ತಿಳಿಯೋದೇನ್ರಿ? ಪುಣ್ಯ ಬಂತು."

ಅಜ್ಜ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಅಡಿವೆಪ್ಪ ನೀರು ತಂದುಕೊಡಬೇಕಾಯಿತು.

"ತಮ್ಮಾ, ನಾ ನಮಸ್ಕಾರ ಮಾಡತಿದ್ದಿಲ್ಲೋ. ಚಿಪ್ಪು ಗಟ್ಟಿ ಐತೋ ಮೆತ್ತಗಾಗೇತೋ ಅಂತ ಒತ್ತಿ ನೋಡತಿದ್ದೆ. ಬೆರಳಿಗೆ ಲೋಳಿ ಹತ್ತೇತೇನು ಅಂತ ಕಣ್ಣಿನ ಹತ್ರ ಹಿಡೀತಿದ್ದೆ. ನನ್ನ ಕಣ್ಣು ಮಂಜು, ದೂರ ಹಿಡಿದ್ರ ಕಾಣೂದಿಲ್ಲ."

ಊರೂರ ಜನ ಮಾಡುತ್ತಿದ್ದ ನಮಸ್ಕಾರ ಅಡಿವೆಪ್ಪನ ಕಣ್ಣ ಮುಂದೆ ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಈಗ ಒತ್ತು. ಬೆರಳು ತಗೀಬ್ಯಾಡ, ಅಲ್ಲೇ ಇಡು."

ಅಡಿವೆಪ್ಪ ಒತ್ತಿದ. ಹಿರೇವ್ವನ ಬೆನ್ನು ಅವಳು ಮಲಗಿದ್ದ ಕಲ್ಲಿನಷ್ಟೇ ಗಟ್ಟಿ.

"ಇನ್ನ ಮರಿ."

ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಒತ್ತಿದ. ಚಿಪ್ಪು ಬೆರಳಿನ ಕೆಳಗೆ ಬಾಗಿತು. ಇನ್ನೊಂದನ್ನು ಎತ್ತಿಕೊಂಡ, ಅದೂ ಬಾಗಿತು. ಮತ್ತೊಂದರ ಅಂಚು ನೆನೆದ ರೊಟ್ಟಿಯ ಹಾಗೆ ಮೇಲಕ್ಕೆ ಮಡಚಿಕೊಂಡಿತ್ತು.

"ಎಳೇ ಮರಿ ಅಲ್ಲೇನ್ರಿ ಅಜ್ಜಾರ," ಎಂದ. "ಮೆತ್ತಗ ಇರ್ತಾವೇನೋ."

"ಇರಬಹುದು. ಹುಟ್ಟಿದ ದಿನ ಇಷ್ಟ ಮೆತ್ತಗ ಇದ್ವೇನು? ಆಮ್ಯಾಲೆ ಗಟ್ಟಿ ಆಗ್ಯಾವೋ, ಇನ್ನೂ ಮೆತ್ತಗಾಗ್ಯಾವೋ?"

ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಹುಟ್ಟಿದ ದಿನದಿಂದ ಒಂದೊಂದನ್ನೂ ದಿನಾ ಮುಟ್ಟಿದವನು ಅವನೇ. ಆದರೂ ಗೊತ್ತಿರಲಿಲ್ಲ.

ಅವನು ಅತ್ತ. ಹೊಂಡ ತಪ್ಪಿಹೋಯಿತೆಂದಲ್ಲ. ಅಂಗೈಯಲ್ಲಿದ್ದ ಮರಿ ತಲೆ ಎತ್ತಲು ನೋಡಿ, ಆಗದೆ, ಹಾಗೇ ಕೆಳಗಿಟ್ಟಿತ್ತು.

"ಏನ್ ಮಾಡ್ಲಿರಿ ಅಜ್ಜಾರ?"

"ನನ್ನ ಯಾಕ ಕೇಳ್ತಿ? ನಾ ಮರಿ ಸಾಕಿದವಲ್ಲ. ಆಕಿನ್ನ ಕೇಳು." ಅಜ್ಜ ಮತ್ತೆ ಹಿರೇವ್ವನ ಕಡೆ ಕೈ ಮಾಡಿದರು. "ಎಲ್ಲಿ ಅದಾಳ ನೋಡು. ಏನ್ ತಿಂತಾಳ ನೋಡು."

ಅಡಿವೆಪ್ಪ ನೋಡಿದ. ಆವತ್ತು ಊಟಕ್ಕೂ ಏಳಲಿಲ್ಲ.

ಹಿರೇವ್ವ ಬಿಸಿಲಿನಲ್ಲಿದ್ದಳು. ಬಿಸಿಲು ಜರುಗಿದಂತೆ ತಾನೂ ಜರುಗಿದಳು. ಮೈ ಕಾದಾಗ ನೀರಿಗಿಳಿದಳು. ನೀರಿನಲ್ಲಿ ಪಾಚಿ ಹರಿದು ತಿಂದಳು. ಕಲ್ಲಿಗೆ ಅಂಟಿದ ಬಸವನಹುಳುವನ್ನು ಚಿಪ್ಪಿನ ಸಮೇತ ಕಟಕಟ ಕಡಿದು ನುಂಗಿದಳು. ಭಕ್ತರೊಬ್ಬರು ಎಸೆದ ಚುರುಮುರಿ ಅವಳ ಮೂಗಿನ ಮುಂದೆಯೇ ತೇಲಿಹೋಯಿತು. ತಿರುಗಿಯೂ ನೋಡಲಿಲ್ಲ.

ಪಡಸಾಲೆಯಲ್ಲಿ ಬಿಸಿಲೇ ಇರಲಿಲ್ಲ. ಹದ್ದು ಒಯ್ದೀತೆಂದು ಅವನು ಮರಿಗಳನ್ನು ಒಳಗಿಟ್ಟಿದ್ದ. ಜನ ಬಂದು ನೋಡಲು ಅನುಕೂಲ ಎಂಬುದೂ ಇತ್ತು. ಅದನ್ನು ಅವನು ಈಗ ತನಗೆ ತಾನೇ ಒಪ್ಪಿಕೊಂಡ.

ಅಂದೇ ಹೊಂಡದ ಮಗ್ಗುಲಲ್ಲಿ ಒಂದು ಸಣ್ಣ ಕುಣಿ ತೋಡಿ ನೀರು ನಿಲ್ಲಿಸಿದ. ಏರಿ ಕೂರಲು ಕಲ್ಲಿಟ್ಟ, ಮೇಲೆ ಬಲೆ ಕಟ್ಟಿದ. ಒಂದು ಮೂಲೆಗೆ ತೆಂಗಿನ ಗರಿ ಹೊದಿಸಿ ನೆರಳು ಮಾಡಿದ. ಬಸವನಹುಳು ಆರಿಸಿ ತಂದು ಜಜ್ಜಿ ಹಾಕಿದ. ನೋಡಲು ಬಂದ ಜನಕ್ಕೆ ದೂರದಿಂದಲೇ ಕೈ ಮುಗಿಯಿರಿ ಎಂದ. ಕೆಲವರು ಮುನಿಸಿಕೊಂಡು ಹೋದರು.

ಬೆಳಿಗ್ಗೆ ಒಂದೊಂದರ ಬೆನ್ನಿಗೂ ಹೆಬ್ಬೆರಳು ಒತ್ತುತ್ತಿದ್ದ. ಒತ್ತಿ, ಅಲ್ಲೇ ಇಟ್ಟು, ನಿನ್ನೆ ಹೇಗಿತ್ತೆಂದು ನೆನೆಯುತ್ತಿದ್ದ.

ಎರಡು ಮರಿ ಸತ್ತವು. ಅವುಗಳನ್ನು ಹೊಳೆದಂಡೆಯ ಉಸುಕಿನಲ್ಲಿ ಹುಗಿದು ಬಂದ. ಉಳಿದವು ನಿಧಾನವಾಗಿ ಬೆರಳಿಗೆ ಗಟ್ಟಿಯಾಗುತ್ತ ಬಂದವು. ತಲೆ ಎತ್ತಲಾರದೆ ಇದ್ದ ಆ ಮರಿ ಒಂದು ದಿನ ತಾನೇ ಕಲ್ಲು ಹತ್ತಿ ಕತ್ತು ಚಾಚಿತು. ಅಡಿವೆಪ್ಪ ಓಡಿಹೋಗಿ ಅಜ್ಜನನ್ನು ಎಳೆದು ತಂದು ತೋರಿಸಿದ.

ಹುಲಿಗುಡ್ಡದ ಹೊಂಡ ಅವನಿಗೆ ಮರೆತೇಹೋಗಿತ್ತು. ನೀಲವ್ವ ಬಂಡಿಯಿಂದ ಇಳಿದಾಗಲೇ ನೆನಪಾದದ್ದು.

ಅವಳು ಮೊಮ್ಮಗನ ತೊಟ್ಟಿಲ ಶಾಸ್ತ್ರ ಮುಗಿಸಿಕೊಂಡು ಬಂದಿದ್ದಳು. ಆದರೆ ಮುಖದಲ್ಲಿ ಗೆಲುವಿರಲಿಲ್ಲ. "ಊರಿಂದ ಸುದ್ದಿ ಬಂದೈತ್ರಿ ಅಜ್ಜಾರ. ಒಂದು ಆಮಿ ಸತ್ತೈತಂತ. ಉಳಿದುವು ಅಲ್ಲಾಡವಲ್ವಂತ. ಎಲ್ಲಿ ನಿಮ್ಮ ಹುಡುಗ? ಇವತ್ತ ಕಳಿಸಿಕೊಡ್ರಿ."

ಅಜ್ಜ ಅಡಿವೆಪ್ಪನ ಕಡೆ ನೋಡಿದರು.

"ಯವ್ವಾ," ಎಂದ ಅಡಿವೆಪ್ಪ, "ಮರಿ ಮಾಡಿಸಿದವ ನಾನ. ಅವುಗಳ ಚಿಪ್ಪು ಮೆತ್ತಗಾಗೂ ಹಂಗ ಮಾಡಿದವನೂ ನಾನ. ಎರಡು ಸತ್ತುವು. ನನಗ ಅನುಭವ ಇಲ್ರಿ. ಅಜ್ಜಾರನ್ನ ಕರಕೊಂಡು ಹೋಗ್ರಿ."

ನೀಲವ್ವ ಅವನನ್ನೂ ಅಜ್ಜನನ್ನೂ ನೋಡಿದಳು. "ಅಜ್ಜಾರಿಗೆ ಈ ವಯಸ್ಸಿನಾಗ ಬಂಡಿ ಹತ್ತಾಕ ಆಗ್ತೈತೇನೋ?"

ಅಡಿವೆಪ್ಪನಿಗೆ ಸುಮ್ಮನಿರಲು ಆಗಲಿಲ್ಲ.

"ನಿಮ್ಮ ಹೊಂಡಕ್ಕ ಬಿಸ್ಲು ಬೀಳ್ತೈತೇನ್ರಿ ಯವ್ವಾ?"

"ಮೊದಲ ಬೀಳತಿತ್ತು. ಈಗ ಮ್ಯಾಲ ತಗಡು ಹಾಕಿಸೇವಿ. ಬಂದ ಜನಕ್ಕ ನೆರಳಾಗಲಿ ಅಂತ."

"ತಿನ್ನಾಕ ಏನ್ ಹಾಕ್ತೀರಿ?"

"ಜನ ಚುರುಮುರಿ ಹಾಕ್ತಾರ. ಬೇಕಾದಷ್ಟು."

"ಬೆನ್ನು ಮುಟ್ಟಿ ನೋಡೀರೇನು?"

"ಅಯ್ಯ, ಮುಟ್ಟದಽ ಬಿಡ್ತೇವೇನು? ದಿನಾ!" ನೀಲವ್ವ ಗಾಳಿಯಲ್ಲಿ ಹೆಬ್ಬೆರಳು ತಾಗಿಸಿ ಥಟ್ಟನೆ ಎರಡೂ ಕಣ್ಣಿಗೆ ಒತ್ತಿಕೊಂಡಳು. "ಇಲ್ಲಿಂದನ ಕಲತದ್ದು."

ಅಡಿವೆಪ್ಪ ಎದ್ದು ನಿಂತಿದ್ದ. ಹೆಗಲ ಮೇಲೆ ಆಗಲೇ ಟವೆಲು ಬಂದಿತ್ತು.

"ನಡೀರಿ ಯವ್ವಾ. ಮೊದಲ ಆ ತಗಡು ಬಿಚ್ಚೋಣ." ನಾಲ್ಕು ಹೆಜ್ಜೆ ಹೋದವನು ಗಕ್ಕನೆ ನಿಂತ. "ಅಜ್ಜಾರ, ನನ್ನ ಮರಿ?"

"ನಾ ಇಲ್ಲೇ ಇದ್ದೇನಲ್ಲ," ಎಂದರು ಅಜ್ಜ. "ಆದ್ರ ನನಗ ಮರಿ ಸಾಕಿ ಗೊತ್ತಿಲ್ಲ. ಹ್ಯಾಂಗ ಅಂತ ಹೇಳಿಕೊಟ್ಟು ಹೋಗು."

ಗುರು ಮೆಟ್ಟಿಲ ಮೇಲೆ ಕುಳಿತರು. ಶಿಷ್ಯ ಹೇಳಿದ. ಮಧ್ಯಾಹ್ನ ಗರಿ ಯಾವ ಕಡೆ ಸರಿಸಬೇಕು, ಹುಳು ಎಷ್ಟು ಜಜ್ಜಬೇಕು, ಯಾವ ಮರಿ ಇನ್ನೊಂದರ ಬಾಯಿಂದ ಕಸಿಯುತ್ತದೆ, ಯಾವುದರ ಬಲಗಡೆಯ ಅಂಚು ಇನ್ನೂ ಮೆತ್ತಗಿದೆ. ಅಜ್ಜ ಹೂಂ ಹೂಂ ಎನ್ನುತ್ತ, ತಿಳಿಯದ ಕಡೆ ಮತ್ತೊಮ್ಮೆ ಕೇಳುತ್ತ, ಎಲ್ಲವನ್ನೂ ಕಲಿತುಕೊಂಡರು.

ನೀಲವ್ವ ಬಂಡಿಯ ಹತ್ತಿರ ಕಾಯುತ್ತ ನಿಂತಿದ್ದಳು. ಅವಳ ತಲೆಯಲ್ಲಿ ಒಂದು ಸಂಶಯ ಉಳಿದೇ ಇತ್ತು.

"ಅಜ್ಜಾರ, ಒಂದು ಮಾತು ಖರೇ ಹೇಳ್ರಿ. ಇಂವ ಅನುಭವಸ್ಥ ಹೌದೋ ಅಲ್ಲೋ?"

ಅಡಿವೆಪ್ಪ ಆಗ ಅಜ್ಜನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದ್ದ. ಅಜ್ಜ ಶಿಷ್ಯನ ಕೈ ಹಿಡಿದು, ಹೆಬ್ಬೆರಳನ್ನು ತಮ್ಮ ಮುದಿ ಪಾದದ ಮೇಲೆಯೇ ಒತ್ತಿ ಹಿಡಿದರು.

"ಕಣ್ಣಿಗೆ ಒತ್ತಿಕೊಳ್ಳಾಕ ಅವಸರ ಮಾಡಬ್ಯಾಡೋ ತಮ್ಮಾ."