ಅಜ್ಜನ ಕಾಲದ ಬೊಗಸೆ

ಹೆಗ್ಗಣದ ಕಡಲೆಕಾಯಿ ರಾಶಿ ಸುಲಿಯಲು ಅಳಿಲುಗಳಿಗೆ ಹತ್ತು ದಿನ ಬೇಕಾಗುತ್ತಿತ್ತು. ಕೂಲಿ ತಲೆಗೆ ದಿನಕ್ಕೊಂದು ಬೊಗಸೆ ಬೀಜ. ಈ ಸಲ ಹೆಗ್ಗಣ ಸುಲಿಯುವ ಯಂತ್ರ ತಂದಿತು. ಅಳಿಲುಗಳು ಹಿಡಿಕೆ ತಿರುಗಿಸಿದವು, ರಾಶಿ ಒಂದೇ ದಿನದಲ್ಲಿ ಮುಗಿಯಿತು. ಹೆಗ್ಗಣ ಒಂದೊಂದೇ ಬೊಗಸೆ ಕೊಟ್ಟಿತು.

“ಯಜಮಾನರೇ, ರಾಶಿಗೆ ಹತ್ತು ಬೊಗಸೆ ಸಿಗುತ್ತಿತ್ತಲ್ಲ?” ಎಂದಿತು ಹಿರಿಯ ಅಳಿಲು.

“ದಿನಕ್ಕೊಂದು ಬೊಗಸೆ ಅಜ್ಜನ ಕಾಲದ ಪದ್ಧತಿ. ನಾನು ಮುರಿಯಲಾರೆ.”

“ಹಾಗಾದರೆ ನಾವೂ ಮುರಿಯುವುದಿಲ್ಲ.”

ಮರುದಿನ ಇನ್ನೂ ದೊಡ್ಡ ರಾಶಿ ಬಂತು. ಅಳಿಲುಗಳು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ, ಬಾಲ ನೀವಿಕೊಳ್ಳುತ್ತಾ ಕೂತವು.

“ಇದೇನು?” ಎಂದಿತು ಹೆಗ್ಗಣ.

“ರಾಶಿಗೆ ಹತ್ತು ದಿನ. ಅದೂ ಅಜ್ಜನ ಕಾಲದ ಪದ್ಧತಿಯೇ.”

ಹೆಗ್ಗಣ ಕವಿಯುತ್ತಿದ್ದ ಮೋಡ ನೋಡಿತು, ಬಯಲಲ್ಲಿದ್ದ ರಾಶಿ ನೋಡಿತು. “ಇನ್ನು ಮೇಲೆ ರಾಶಿಗೆ ಹತ್ತು ಬೊಗಸೆ,” ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಡಿಕೆ ಗಿರಗಿರನೆ ತಿರುಗುತ್ತಿತ್ತು.